ಸಮುದ್ರ ಜೀವಶಾಸ್ತ್ರದಲ್ಲಿ ಪಿಎಚ್‌ಡಿ: ಈಜು ಎಷ್ಟು ಬೇಕು, ಗಣಿತ ಎಷ್ಟು ಬೇಕು?

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್ ನಡೆಯುತ್ತಿದೆ. ಮುಂದೆ ಸಮುದ್ರ ಮತ್ತು ಪರಿಸರ ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವ ಆಸೆ. ಅದಕ್ಕೆ ನಿಜವಾಗಿ ಏನೇನು ಬೇಕು? ಎಷ್ಟು ವರ್ಷ ಹಿಡಿಯುತ್ತದೆ, ಎಷ್ಟು ಪೇಪರ್ ಬರೆಯಬೇಕು? ನನಗೆ ಈಜು ಬರುವುದಿಲ್ಲ. ಗಣಿತವೂ ಅಷ್ಟಕ್ಕಷ್ಟೆ. ಆದರೂ ಆಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ ಅನ್ನಿಸುತ್ತದೆ. ಈಜು ಬಾರದಿದ್ದರೂ ಈ ಡಾಕ್ಟರೇಟ್ ಆಗುತ್ತದೆ. ಗಣಿತವನ್ನು ದೂರ ಇಟ್ಟರೆ ಆಗುವುದಿಲ್ಲ.

ಸಮುದ್ರ ಜೀವಶಾಸ್ತ್ರಜ್ಞರು ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಧುಮುಕುವವರು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಹಾಗೆ ಕೆಲಸ ಮಾಡುವವರು ಇದ್ದಾರೆ, ಇಲ್ಲ ಅಂತಲ್ಲ. ಆದರೆ ಈ ಕ್ಷೇತ್ರದ ಬಹುಪಾಲು ಕೆಲಸ ನಡೆಯುವುದು ಮೈಕ್ರೋಸ್ಕೋಪ್ ಮುಂದೆ, ಡಿಎನ್‌ಎ ಲ್ಯಾಬಿನಲ್ಲಿ, ಕಂಪ್ಯೂಟರ್ ಎದುರು. ಕೆಲವರು ಉಪಗ್ರಹ ಕಳಿಸುವ ಚಿತ್ರಗಳಲ್ಲಿ ನೀರಿನ ಬಣ್ಣ ನೋಡಿ, ಯಾವ ಸಮುದ್ರದಲ್ಲಿ ಎಷ್ಟು ಸಸ್ಯ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಸ್ಯದಂಥ ಸೂಕ್ಷ್ಮ ಜೀವಿಗಳು) ಇದೆ ಎಂದು ಲೆಕ್ಕ ಹಾಕುತ್ತಾರೆ. ಇನ್ನು ಕೆಲವರು ಬೇರೆಯವರು ಕೂಡಿಟ್ಟ ಹಳೆಯ ದತ್ತಾಂಶದ ಮೇಲೇ ಇಡೀ ಥೀಸಿಸ್ ಕಟ್ಟುತ್ತಾರೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳ ಹಿಂದೆ ಕಟ್ಟಿ ಎಳೆಯುವ ಪ್ಲಾಂಕ್ಟನ್ ರೆಕಾರ್ಡರ್ 1931ರಿಂದ ಸ್ಯಾಂಪಲ್ ಹಿಡಿಯುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ ಸಾರ್ಡೀನ್ ಮೀನು ಕೈಕೊಟ್ಟ ಮೇಲೆ ಶುರುವಾದ ಸಮೀಕ್ಷೆ 1949ರಿಂದ ನಡೆದುಕೊಂಡು ಬಂದಿದೆ. ಹವಾಯಿ ಮತ್ತು ಬರ್ಮುಡಾ ಹತ್ತಿರದ ತೆರೆದ ಸಮುದ್ರದಲ್ಲಿ 1988ರಿಂದ ಹೆಚ್ಚೂಕಮ್ಮಿ ಪ್ರತಿ ತಿಂಗಳೂ ನೀರು ಎತ್ತಿ ಅಳೆಯುತ್ತಿದ್ದಾರೆ. ಇಂಥ ದಾಖಲೆಗಳಲ್ಲಿ ಇನ್ನೂ ಯಾರೂ ಕೇಳದ ಪ್ರಶ್ನೆಗಳು ಬೇಕಾದಷ್ಟಿವೆ.

ನಿಮ್ಮ ಸಂಶೋಧನೆಗೆ ಡೈವಿಂಗ್ ಬೇಕೇ ಬೇಕು ಅಂತಾದರೆ ಮಾತ್ರ ಕಥೆ ಬೇರೆ. ಪ್ರವಾಸಕ್ಕೆ ಹೋದಾಗ ಮಾಡಿಸಿಕೊಳ್ಳುವ ಡೈವಿಂಗ್ ಸರ್ಟಿಫಿಕೇಟ್ ಸಂಶೋಧನೆಗೆ ಸಾಲದು. ಅಮೆರಿಕದ ವಿಶ್ವವಿದ್ಯಾಲಯಗಳು ಪಾಲಿಸುವ ವೈಜ್ಞಾನಿಕ ಡೈವಿಂಗ್ ಮಾನದಂಡದಲ್ಲಿ 100 ಗಂಟೆಯ ತರಬೇತಿ, ತೆರೆದ ನೀರಿನಲ್ಲಿ 12 ಡೈವ್, ಮೇಲೆ ವೈದ್ಯಕೀಯ ತಪಾಸಣೆ ಎಲ್ಲ ಸೇರಿವೆ. ಯುರೋಪಿನಲ್ಲಿ ಅದರದೇ ಬೇರೆ ದರ್ಜೆಗಳಿವೆ. ಸಂಶೋಧನಾ ಹಡಗು ಹತ್ತುವ ಮುಂಚೆಯೂ ಹಲವು ಕಡೆ ಸಮುದ್ರ ಸುರಕ್ಷತಾ ತರಬೇತಿ ಕೇಳುತ್ತಾರೆ. ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಇಳಿಯುವುದು, ರಬ್ಬರ್ ತೆಪ್ಪ ಹತ್ತುವುದು ಅದರಲ್ಲಿರುತ್ತದೆ. ಹಾಗಾಗಿ ಈಜು ಕಲಿತರೆ ನಷ್ಟವೇನಿಲ್ಲ. ಹಡಗಿನ ಓಲಾಟಕ್ಕೆ ಬರುವ ವಾಂತಿಗೆ ಹೆದರಬೇಡಿ. ಡಾರ್ವಿನ್‌ಗೆ ಬೀಗಲ್ ಹಡಗಿನಲ್ಲಿ ಐದು ವರ್ಷ ಸುತ್ತಿದರೂ ಹೊಟ್ಟೆ ತೊಳಸುವುದು ನಿಲ್ಲಲಿಲ್ಲ.

ಈಗ ಗಣಿತ. ಇಲ್ಲಿ ಬೇಕಾಗಿರುವುದು ಮುಖ್ಯವಾಗಿ ಸಂಖ್ಯಾಶಾಸ್ತ್ರ. ಸೂತ್ರ ಬಾಯಿಪಾಠ ಮಾಡುವುದಲ್ಲ. ಯಾವ ಲೆಕ್ಕ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ವಿವೇಕ ಬರಬೇಕು. ಒಂದು ಉದಾಹರಣೆ ತೆಗೆದುಕೊಳ್ಳಿ. ನೀರು ಬಿಸಿಯಾದರೆ ಒಂದು ಜಾತಿಯ ಚಿಪ್ಪುಜೀವಿಗೆ ಏನಾಗುತ್ತದೆ ಎಂದು ನೋಡಬೇಕು. ನೀವು ಎರಡು ತೊಟ್ಟಿ ಇಡುತ್ತೀರಿ. ಒಂದರಲ್ಲಿ ಮಾಮೂಲಿ ನೀರು, ಇನ್ನೊಂದರಲ್ಲಿ ಬಿಸಿ ನೀರು. ಒಂದೊಂದರಲ್ಲಿ ಇಪ್ಪತ್ತು ಜೀವಿ. ತಿಂಗಳಾದ ಮೇಲೆ ತೂಗಿ, ಇಪ್ಪತ್ತಕ್ಕೆ ಇಪ್ಪತ್ತನ್ನು ಹೋಲಿಸಿ, ವ್ಯತ್ಯಾಸ ಖಚಿತ ಎಂದು ಬರೆಯುತ್ತೀರಿ. ಇದು ತಪ್ಪು. ಬಿಸಿ ಮಾಡಿದ್ದು ತೊಟ್ಟಿಯನ್ನು, ಅದೂ ಒಂದೇ ತೊಟ್ಟಿಯನ್ನು. ಆ ತೊಟ್ಟಿಯ ಪಂಪು ಸರಿ ಇರಲಿಲ್ಲವೋ, ಅದಕ್ಕೆ ಬೆಳಕು ಜಾಸ್ತಿ ಬೀಳುತ್ತಿತ್ತೋ, ಒಳಗೆ ರೋಗ ಸೇರಿಕೊಂಡಿತ್ತೋ ಹೇಳಲು ದಾರಿಯೇ ಇಲ್ಲ. ನಿಮ್ಮ ಲೆಕ್ಕದಲ್ಲಿ ಇಪ್ಪತ್ತು ಇದ್ದರೂ ನಿಜಕ್ಕೂ ಇರುವುದು ಒಂದು.

1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ವಿಜ್ಞಾನಿ ಇದಕ್ಕೆ ಹುಸಿ ಪುನರಾವರ್ತನೆ ಎಂಬ ಅರ್ಥದ ಹೆಸರಿಟ್ಟು ಒಂದು ದೊಡ್ಡ ಲೇಖನ ಬರೆದರು. ಪ್ರಕಟವಾಗಿದ್ದ 176 ಪ್ರಯೋಗಗಳನ್ನು ಅವರು ಜಾಲಾಡಿದ್ದರು. ಅವುಗಳಲ್ಲಿ ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದ್ದವನ್ನಷ್ಟೇ ಎಣಿಸಿದರೆ ಶೇಕಡಾ 48ರಲ್ಲಿ ಈ ದೋಷವಿತ್ತು. ಅಂದರೆ ಸುಮಾರು ಅರ್ಧ! ಇಷ್ಟು ವರ್ಷವಾದರೂ ವೈವಾದಲ್ಲಿ, ಅಂದರೆ ಥೀಸಿಸ್ ಒಪ್ಪಿಸಿದ ಮೇಲಿನ ಮೌಖಿಕ ಪರೀಕ್ಷೆಯಲ್ಲಿ, ವಿದ್ಯಾರ್ಥಿಗಳು ಸಿಕ್ಕಿಬೀಳುವ ಜಾಗಗಳಲ್ಲಿ ಇದೂ ಒಂದು. ತೊಟ್ಟಿ ಎಷ್ಟಿಡಬೇಕು ಎಂಬುದು ಪ್ರಯೋಗಕ್ಕೆ ಮುಂಚೆ ಗೊತ್ತಿರಬೇಕು. ಮೂರು ವರ್ಷದ ಕೆಲಸ ಮುಗಿಸಿ ಸಂಖ್ಯಾಶಾಸ್ತ್ರದವರ ಬಾಗಿಲು ತಟ್ಟಿದರೆ ಅವರೂ ಏನೂ ಮಾಡಲಾರರು.

ಇದರ ಜೊತೆ ಆರ್ ಅಥವಾ ಪೈಥಾನ್, ಎರಡರಲ್ಲಿ ಒಂದು ಕೋಡಿಂಗ್ ಭಾಷೆ ಬೇಕು. ಪರಿಸರ ವಿಜ್ಞಾನದ ಕಡೆ ಆರ್ ಬಳಸುವವರು ಜಾಸ್ತಿ. ಎರಡೂ ಉಚಿತ. ಎಕ್ಸೆಲ್‌ನಲ್ಲೇ ಎಲ್ಲ ಮಾಡಿಬಿಡುತ್ತೇನೆ ಅನ್ನುವ ಕಾಲ ಹೋಯಿತು. ರಸಾಯನಶಾಸ್ತ್ರವನ್ನೂ ಪೂರ್ತಿ ಮರೆಯಬೇಡಿ. ಸಮುದ್ರ ಆಮ್ಲೀಯವಾಗುವುದು, ಆಮ್ಲಜನಕ ಕುಸಿಯುವುದು, ಗೊಬ್ಬರದ ಸಾರಜನಕ ನದಿಯಲ್ಲಿ ಹರಿದು ಬಂದು ಪಾಚಿ ಉಕ್ಕುವುದು, ಇವೆಲ್ಲ ಅರ್ಥವಾಗಬೇಕಾದರೆ ನೀರಿನ ರಸಾಯನ ಗೊತ್ತಿರಬೇಕು. ಕೋರ್ಸ್ ಹೆಸರಿನಲ್ಲಿ ಪರಿಸರ ಎಂಬ ಪದ ಇರುವುದೇ ಇದಕ್ಕೆ. ಜೀವಿಯನ್ನಷ್ಟೇ ಓದಿದರೆ ಸಾಲದು, ಅದು ಬದುಕುವ ನೀರನ್ನೂ ಓದಬೇಕು.

ಕಾಗದದ ಮೇಲಿನ ಅರ್ಹತೆಯ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಅದು ಸುಲಭದ ಭಾಗ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಸ್ನಾತಕೋತ್ತರ ಪದವಿ ಬೇಕು. ಅಮೆರಿಕದಲ್ಲಿ ಬಿ.ಎಸ್ಸಿ. ಮುಗಿಸಿ ನೇರವಾಗಿ ಪಿಎಚ್‌ಡಿ ಸೇರುವುದು ಮಾಮೂಲಿ. ಅದಕ್ಕೇ ಅಲ್ಲಿ ಐದಾರು ವರ್ಷ ಹಿಡಿಯುತ್ತದೆ, ಮೊದಲೆರಡು ವರ್ಷ ತರಗತಿಗಳೇ ಜಾಸ್ತಿ. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಮೂರೂವರೆ ನಾಲ್ಕು ವರ್ಷ, ತರಗತಿ ಕಡಿಮೆ, ಮೊದಲ ದಿನದಿಂದಲೇ ಸಂಶೋಧನೆ. ಸ್ವೀಡನ್‌ನಲ್ಲಿ ನಾಲ್ಕು ವರ್ಷದ ಪೂರ್ಣಾವಧಿ ಕೆಲಸ ಎಂದು ನಿಯಮವೇ ಹೇಳುತ್ತದೆ. ಭಾರತದಲ್ಲಿ ಯುಜಿಸಿಯ 2022ರ ನಿಯಮದಂತೆ ಕಡಿಮೆ ಅಂದರೆ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ, ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ಇಂಗ್ಲಿಷ್ ಮನೆಮಾತಲ್ಲದವರಿಗೆ ಐಇಎಲ್‌ಟಿಎಸ್ ಅಥವಾ ಟೋಫೆಲ್ ಕೇಳಬಹುದು. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಅಮೆರಿಕದ ಬಹಳಷ್ಟು ಜೀವಶಾಸ್ತ್ರ ವಿಭಾಗಗಳು ಈಗ ಕೈಬಿಟ್ಟಿವೆ. ಅರ್ಜಿ ಹಾಕುವ ಮುಂಚೆ ಆಯಾ ವಿಭಾಗದ ಪುಟವನ್ನು ನೀವೇ ಓದಿ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ.

ನಿಮ್ಮ ಪದವಿಯ ಹೆಸರಿನಲ್ಲಿ ಸಮುದ್ರ ಇಲ್ಲ ಅನ್ನುವ ಚಿಂತೆಯೂ ಬೇಡ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ರಸಾಯನಶಾಸ್ತ್ರ ಓದಿದವರೂ ಬರುತ್ತಾರೆ, ಭೌತಶಾಸ್ತ್ರ, ಕಂಪ್ಯೂಟರ್ ಓದಿದವರೂ ಬರುತ್ತಾರೆ. ಕೆಲವು ಗೈಡ್‌ಗಳು ಹೊರಗಿನಿಂದ ಬಂದವರನ್ನೇ ಹುಡುಕುತ್ತಾರೆ. ಏಡಿಯ ವರ್ಗೀಕರಣ ಹೇಳಿಕೊಡಬಹುದು, ಕೋಡಿಂಗ್ ಹೇಳಿಕೊಡಲು ಅವರಿಗೆ ಪುರುಸೊತ್ತಿರುವುದಿಲ್ಲ, ಅಲ್ವಾ?

ಇಷ್ಟೆಲ್ಲ ಅರ್ಹತೆ ಇರುವವರು ಸಾವಿರಾರು ಜನ ಸಿಗುತ್ತಾರೆ. ಅವರಲ್ಲಿ ಯಾರು ಡಾಕ್ಟರೇಟ್ ಮುಗಿಸುತ್ತಾರೆ ಎಂದು ತೀರ್ಮಾನವಾಗುವುದು ಬೇರೆ ಕಡೆ. ನಿಮ್ಮ ಹತ್ತಿರ ಒಂದು ಪ್ರಶ್ನೆ ಇರಬೇಕು. ಅದು ನಿಮ್ಮದಾಗಿರಬೇಕು. ಜೊತೆಗೆ ಮೂರು ನಾಲ್ಕು ವರ್ಷದಲ್ಲಿ, ಕೈಯಲ್ಲಿರುವ ಹಣದಲ್ಲಿ, ಸಮುದ್ರ ಬಿಟ್ಟುಕೊಡುವಷ್ಟು ದಿನಗಳಲ್ಲಿ ಉತ್ತರ ಸಿಗುವಂಥದ್ದಾಗಿರಬೇಕು. ಹವಾಮಾನ ಬದಲಾವಣೆಯಿಂದ ಹವಳಗಳ ಮೇಲಾಗುವ ಪರಿಣಾಮ ಅನ್ನುವುದು ವಿಷಯ, ಪ್ರಶ್ನೆಯಲ್ಲ. ಹಿಂದೆ ಒಮ್ಮೆ ಬಿಳಿಚಿಕೊಂಡು ಚೇತರಿಸಿಕೊಂಡ ಹವಳ, ಎರಡನೇ ಸಲ ನೀರು ಬಿಸಿಯಾದಾಗ ಮೊದಲಿಗಿಂತ ಹೆಚ್ಚು ತಡೆದುಕೊಳ್ಳುತ್ತದೆಯೇ? ಇದು ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಲು ಏನನ್ನು ಅಳೆಯಬೇಕು ಎಂಬುದು ತಕ್ಷಣ ಹೊಳೆಯುತ್ತದೆ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂದು ತೋರಿಸಲು ನನಗೆ ಯಾವಾಗಲೂ ನೆನಪಾಗುವುದು ಜೋಸೆಫ್ ಕಾನೆಲ್. ಈ ಅಮೆರಿಕನ್ ವಿದ್ಯಾರ್ಥಿ ಮೊದಲು ಬರ್ಕ್ಲಿಯಲ್ಲಿ ಮೊಲಗಳ ಮೇಲೆ ಕೆಲಸ ಮಾಡಿದರು. ಬಲೆಗೆ ಬೀಳದ ಮೊಲಗಳ ಹಿಂದೆ ಓಡಿ ಓಡಿ ಸಾಕಾಗಿ, ಇನ್ನು ಮುಂದೆ ನನ್ನ ಹೆಬ್ಬೆರಳಿಗಿಂತ ದೊಡ್ಡ ಪ್ರಾಣಿಯನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದರಂತೆ. ಆಮೇಲೆ 1950ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿಗೆ ಹೋದರು. ಮಿಲ್‌ಪೋರ್ಟ್ ಎಂಬಲ್ಲಿ ದಡದ ಬಂಡೆಗಳ ಮೇಲೆ ಎರಡು ಜಾತಿಯ ಬಾರ್ನಕಲ್ ಇದ್ದವು. ಬಾರ್ನಕಲ್ ಅಂದರೆ ಬಂಡೆಗೆ, ಹಡಗಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡು ಬದುಕುವ ಸಣ್ಣ ಜೀವಿ. ನೋಡಲು ಚಿಪ್ಪಿನ ಹಾಗಿದ್ದರೂ ಸೀಗಡಿ, ಏಡಿಗಳ ಬಳಗದ್ದು. ಬಂಡೆಯ ಮೇಲ್ಭಾಗದಲ್ಲಿ ಕ್ತಮಾಲಸ್ ಎಂಬ ಸಣ್ಣ ಜಾತಿ, ಕೆಳಗೆ ಬ್ಯಾಲನಸ್ ಎಂಬ ದೊಡ್ಡ ಜಾತಿ. ಕ್ತಮಾಲಸ್‌ನ ಮರಿಗಳು ಕೆಳಗೂ ಬಂದು ಅಂಟಿಕೊಳ್ಳುತ್ತಿದ್ದವು, ಆದರೆ ದೊಡ್ಡವು ಅಲ್ಲಿ ಸಿಗುತ್ತಿರಲಿಲ್ಲ. ಯಾಕೆ?

ಕಾನೆಲ್ ಮಾಡಿದ್ದು ಇಷ್ಟೆ. ಕ್ತಮಾಲಸ್ ಅಂಟಿದ್ದ ಕಲ್ಲುಗಳನ್ನು ಕೆಳಗಿನ ಮಟ್ಟಗಳಿಗೆ ಸಾಗಿಸಿದರು. ಬ್ಯಾಲನಸ್ ಬಂದು ಅಂಟಿಕೊಳ್ಳಲು ಬಿಟ್ಟರು. ಆಮೇಲೆ ಪ್ರತಿ ಕಲ್ಲಿನ ಅರ್ಧ ಭಾಗದಲ್ಲಿ ಬ್ಯಾಲನಸ್ ಅನ್ನು ಕಿತ್ತು ತೆಗೆದರು, ಇನ್ನರ್ಧ ಹಾಗೇ ಬಿಟ್ಟರು. ಒಂದೊಂದು ಜೀವಿ ಇದ್ದ ಜಾಗವನ್ನೂ ಗುರುತು ಮಾಡಿಕೊಂಡು ಇಳಿತದ ಹೊತ್ತಿಗೆ ಹೋಗಿ ಎಣಿಸಿದರು. ಬ್ಯಾಲನಸ್ ಇಲ್ಲದ ಕಡೆ ಕ್ತಮಾಲಸ್ ಕೆಳಗೂ ಚೆನ್ನಾಗಿ ಬದುಕಿತು. ಬ್ಯಾಲನಸ್ ಇದ್ದ ಕಡೆ ಅದು ಪಕ್ಕದವರನ್ನು ಮೆಟ್ಟಿ, ಅಡಿಯಿಂದ ಎಬ್ಬಿಸಿ, ಹಿಸುಕಿ ಸಾಯಿಸಿತು. ಅಂದರೆ ಕ್ತಮಾಲಸ್‌ನ ಕೆಳಗಿನ ಗಡಿ ನಿರ್ಧಾರವಾಗುವುದು ಪೈಪೋಟಿಯಿಂದ. ಮೇಲೆ ಬ್ಯಾಲನಸ್ ಬಾರದಿರುವುದು ಮಾತ್ರ ಬಿಸಿಲಿಗೆ, ಒಣಗುವುದಕ್ಕೆ ತಡೆಯಲಾರದೆ. 1961ರಲ್ಲಿ ಇದು ಪೇಪರ್ ಆಗಿ ಬಂತು. ಇವತ್ತಿಗೂ ಪರಿಸರ ವಿಜ್ಞಾನದ ಪಠ್ಯಗಳಲ್ಲಿ ಇದೆ. ಹಡಗು ಬೇಕಾಗಲಿಲ್ಲ, ದುಬಾರಿ ಯಂತ್ರ ಬೇಕಾಗಲಿಲ್ಲ. ಓಡಿಹೋಗದ ಪ್ರಾಣಿ, ಕೈಗೆ ಎಟುಕುವ ಬಂಡೆ, ಇಳಿತದ ವೇಳಾಪಟ್ಟಿ. ತಿಮಿಂಗಿಲದ ಮೇಲೇ ಕೆಲಸ ಮಾಡಬೇಕು ಎಂದು ಬರುವವರಿಗೆ ನಾನು ಮೊದಲು ಈ ಕಥೆ ಹೇಳುತ್ತೇನೆ. ತಿಮಿಂಗಿಲ ಬೇಡ ಅಂತಲ್ಲ. ಆದರೆ ಮೂರು ವರ್ಷದಲ್ಲಿ ಎಷ್ಟು ತಿಮಿಂಗಿಲ ಕಣ್ಣಿಗೆ ಬೀಳುತ್ತವೆ ಎಂದು ಮೊದಲೇ ಲೆಕ್ಕ ಹಾಕಿ.

ಸಮುದ್ರದ ವೇಳಾಪಟ್ಟಿಯ ಮಾತು ಬಂತು. ಬೇರೆ ಜೀವಶಾಸ್ತ್ರದಲ್ಲಿ ಪ್ರಯೋಗ ಕೆಟ್ಟರೆ ಮುಂದಿನ ವಾರ ಮತ್ತೆ ಮಾಡಬಹುದು. ಇಲ್ಲಿ ಹಾಗಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹವಳಗಳು ವರ್ಷಕ್ಕೊಮ್ಮೆ, ವಸಂತದ ಹುಣ್ಣಿಮೆಯ ನಂತರದ ಕೆಲವೇ ರಾತ್ರಿಗಳಲ್ಲಿ ಒಟ್ಟಿಗೆ ಮೊಟ್ಟೆ ಮತ್ತು ವೀರ್ಯ ಬಿಡುತ್ತವೆ. ಆ ರಾತ್ರಿಗಳಲ್ಲಿ ಬಿರುಗಾಳಿ ಎದ್ದರೆ ಒಂದಿಡೀ ವರ್ಷ ಕಾಯಬೇಕು. ಮೂರು ವರ್ಷದ ಪಿಎಚ್‌ಡಿಯಲ್ಲಿ ಅಂಥ ಅವಕಾಶ ಹೆಚ್ಚೆಂದರೆ ಮೂರು. ಮೊದಲನೆಯದು ಕಲಿಯುವುದರಲ್ಲಿ ಹೋಗುತ್ತದೆ, ಕೊನೆಯದು ಬರುವ ಹೊತ್ತಿಗೆ ಥೀಸಿಸ್ ಬರೆಯುತ್ತಿರಬೇಕು. ಉಳಿಯುವುದು ಒಂದೇ. ಹಡಗಿನ ಸಮಯವೂ ಹಾಗೇ. ಒಂದೆರಡು ವರ್ಷ ಮುಂಚೆಯೇ ಹಂಚಿಕೆ ಆಗಿರುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಯಾನಗಳೆಲ್ಲ ರದ್ದಾಗಿ ಎಷ್ಟೋ ವಿದ್ಯಾರ್ಥಿಗಳು ಥೀಸಿಸ್‌ನ ರೂಪವನ್ನೇ ಬದಲಿಸಬೇಕಾಯಿತು. ಅದಕ್ಕೇ ಅನುಭವವಿರುವ ಗೈಡ್‌ಗಳು ಒಂದು ಅಧ್ಯಾಯವನ್ನಾದರೂ ಸಮುದ್ರದ ಹಂಗಿಲ್ಲದ ಹಾಗೆ ಇಡಿಸುತ್ತಾರೆ. ಹಳೆಯ ದತ್ತಾಂಶದ ವಿಶ್ಲೇಷಣೆಯೋ, ಮ್ಯೂಸಿಯಂ ಮಾದರಿಗಳ ಅಧ್ಯಯನವೋ, ಮಾಡೆಲಿಂಗೋ ಯಾವುದಾದರೂ ಆಗುತ್ತದೆ. ನಿಮ್ಮ ಗೈಡ್ ಹೇಳದಿದ್ದರೆ ನೀವೇ ಕೇಳಿ.

ಇನ್ನು ಪರವಾನಗಿಗಳು. ಪ್ರಾಸ್ಪೆಕ್ಟಸ್‌ಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ, ಆದರೆ ಥೀಸಿಸ್ ತಡವಾಗುವುದಕ್ಕೆ ಇದೂ ಒಂದು ದೊಡ್ಡ ಕಾರಣ. ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಆರ್ಥಿಕ ವಲಯದಲ್ಲಿ ಬೇರೆ ದೇಶದವರು ಸಂಶೋಧನೆ ಮಾಡಬೇಕಾದರೆ ಆ ದೇಶದ ಒಪ್ಪಿಗೆ ಬೇಕು. ಸಮುದ್ರ ಕಾನೂನಿನ ಬಗೆಗಿನ ವಿಶ್ವಸಂಸ್ಥೆಯ 1982ರ ಒಪ್ಪಂದದ ಪ್ರಕಾರ ಕನಿಷ್ಠ ಆರು ತಿಂಗಳು ಮುಂಚೆ ವಿವರ ಕೊಟ್ಟಿರಬೇಕು. ಗಟ್ಟಿ ಹವಳಗಳ ಸ್ಯಾಂಪಲ್ ಗಡಿ ದಾಟಬೇಕಾದರೆ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಾಗದ ಬೇಕಾಗುತ್ತದೆ. ಇನ್ನೊಂದು ದೇಶದ ಜೀವಿಯ ಡಿಎನ್‌ಎ ಬಳಸುವುದಾದರೆ ಅಂಥ ಬಳಕೆಗೆ ಆ ದೇಶದ ಒಪ್ಪಿಗೆ ಮತ್ತು ಲಾಭ ಹಂಚಿಕೆಯ ನಿಯಮ ಹಾಕುವ, 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಇದೆ. ಸಂರಕ್ಷಿತ ಪ್ರದೇಶವಾದರೆ ಅದರದು ಬೇರೆ ಅನುಮತಿ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಇದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಯುರೋಪ್ ಒಕ್ಕೂಟದ 2010ರ ನಿರ್ದೇಶನ ಬೆನ್ನೆಲುಬಿರುವ ಪ್ರಾಣಿಗಳ ಜೊತೆ ಆಕ್ಟೋಪಸ್, ಸ್ಕ್ವಿಡ್‌ಗಳನ್ನೂ ಒಳಗೆ ಸೇರಿಸಿತು. ಏಡಿ ಹೊರಗೇ ಉಳಿಯಿತು. ಏಡಿಗೆ ನೋವಾಗುವುದಿಲ್ಲ ಎಂದು ಅಷ್ಟು ಖಚಿತವಾಗಿ ಯಾರು ಹೇಳಬಲ್ಲರೋ!

ಒಟ್ಟಿನಲ್ಲಿ ಮೊದಲ ಆರು ತಿಂಗಳಲ್ಲಿ ಪುಸ್ತಕ ಓದುವುದರ ಜೊತೆಗೇ ಅರ್ಜಿ ಹಾಕುವ ಕೆಲಸವೂ ನಡೆಯಬೇಕು. ಓದಿ ಮುಗಿಸಿ ಆಮೇಲೆ ಅರ್ಜಿ ಹಾಕೋಣ ಅಂದರೆ ಒಂದು ಋತು ಸುಮ್ನೆ ಹೋಗುತ್ತದೆ.

ಈಗ ಗೈಡ್. ವಿಶ್ವವಿದ್ಯಾಲಯದ ಹೆಸರಿಗಿಂತ ಇದು ಮುಖ್ಯ ಎಂದು ನಾನು ನೂರು ಸಲ ಹೇಳಬಲ್ಲೆ. ಹೆಸರಾಂತ ಸಂಸ್ಥೆಗಳು ಇವೆ. ನೇಪಲ್ಸ್‌ನ ಪ್ರಾಣಿಶಾಸ್ತ್ರ ಕೇಂದ್ರ 1872ರದ್ದು, ಅಮೆರಿಕದ ವುಡ್ಸ್ ಹೋಲ್‌ನ ಸಮುದ್ರ ಜೀವಶಾಸ್ತ್ರ ಪ್ರಯೋಗಾಲಯ 1888ರದ್ದು, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ 1903ರದ್ದು. ಎಂಐಟಿ ಮತ್ತು ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆ 1968ರಿಂದ ಸೇರಿಕೊಂಡು ಪದವಿ ಕೊಡುತ್ತಿವೆ. ಆದರೆ ಅಲ್ಲಿ ಸೇರಿದರೂ ನಿಮ್ಮ ದಿನ ಕಳೆಯುವುದು ಒಬ್ಬ ಗೈಡ್ ಮತ್ತು ಐದಾರು ಜನರ ಲ್ಯಾಬಿನ ಜೊತೆ. ಹಾಗಾಗಿ ಅವರ ಇತ್ತೀಚಿನ ಪೇಪರ್‌ಗಳನ್ನು ಓದಿ. ಅವುಗಳಲ್ಲಿ ವಿದ್ಯಾರ್ಥಿಗಳ ಹೆಸರು ಮೊದಲು ಬರುತ್ತದೋ, ಯಾವಾಗಲೂ ಗೈಡ್ ಹೆಸರೇ ಮುಂದಿರುತ್ತದೋ ನೋಡಿ. ಅಲ್ಲಿಂದ ಹೊರಬಂದ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿ. ಎಷ್ಟು ವರ್ಷದಲ್ಲಿ ಮುಗಿಸಿದಿರಿ, ಮಧ್ಯದಲ್ಲಿ ಎಷ್ಟು ಜನ ಬಿಟ್ಟು ಹೋದರು, ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು ಎಂದು ಕೇಳಿ. ಹಡಗಿನಲ್ಲಿ, ದೂರದ ಫೀಲ್ಡ್ ಸ್ಟೇಷನ್‌ನಲ್ಲಿ ವಾರಗಟ್ಟಲೆ ಇರಬೇಕಾಗುತ್ತದೆ. ಅಲ್ಲಿ ಏನಾದರೂ ತೊಂದರೆಯಾದರೆ ಯಾರಿಗೆ ದೂರು ಕೊಡಬೇಕು ಎಂಬ ವ್ಯವಸ್ಥೆ ಇದೆಯೇ ಎಂದೂ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಲ್ಯಾಬಿಗೆ ಹೋಗಬೇಡಿ.

ಗೈಡ್‌ಗೆ ಬರೆಯುವ ಪತ್ರ ಚಿಕ್ಕದಿರಲಿ. ನನಗೆ ಬಾಲ್ಯದಿಂದಲೂ ಸಮುದ್ರ ಇಷ್ಟ ಎಂಬ ವಾಕ್ಯ ತೆಗೆದುಹಾಕಿ, ಅದು ಎಲ್ಲರ ಪತ್ರದಲ್ಲೂ ಇರುತ್ತದೆ. ಅವರ ಒಂದು ಪೇಪರ್ ಓದಿ ನಿಮಗೆ ಹುಟ್ಟಿದ ಪ್ರಶ್ನೆ ಯಾವುದು, ಅದಕ್ಕೆ ಉತ್ತರ ಹುಡುಕಲು ನಿಮಗೆ ಈಗಾಗಲೇ ಏನು ಬರುತ್ತದೆ ಎಂದು ಬರೆಯಿರಿ, ಹಣದ ದಾರಿ ಏನಿದೆ ಎಂದು ಕೇಳಿ. ಮೂರು ಪ್ಯಾರಾ ಸಾಕು. ಉತ್ತರ ಬಾರದಿದ್ದರೆ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಆಮೇಲೂ ಬಾರದಿದ್ದರೆ ಅದನ್ನೇ ಉತ್ತರ ಅಂದುಕೊಳ್ಳಿ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತ: ಸ್ಟೈಪೆಂಡ್ ಇಲ್ಲದ ಸೀಟು ಒಪ್ಪಿಕೊಳ್ಳಬೇಡಿ. ಸ್ವೀಡನ್, ನಾರ್ವೆ, ನೆದರ್‌ಲ್ಯಾಂಡ್ಸ್‌ನಂಥ ಕಡೆ ಪಿಎಚ್‌ಡಿ ವಿದ್ಯಾರ್ಥಿ ಹೆಚ್ಚಾಗಿ ಸಂಬಳದ ನೌಕರ. ಅಮೆರಿಕದಲ್ಲಿ ಪಾಠ ಮಾಡಿ ಅಥವಾ ಗೈಡ್‌ನ ಪ್ರಾಜೆಕ್ಟಿನಲ್ಲಿ ದುಡಿದು ಫೀಸು ಮನ್ನಾ ಮತ್ತು ಸ್ಟೈಪೆಂಡ್ ಪಡೆಯುವುದು ರೂಢಿ. ಸ್ಟೈಪೆಂಡ್ ಬೇರೆ, ಸಂಶೋಧನೆಯ ಖರ್ಚು ಬೇರೆ ಎಂಬುದು ನೆನಪಿರಲಿ. ದೋಣಿ ಬಾಡಿಗೆ, ಡಿಎನ್‌ಎ ಓದಿಸುವುದು, ಸ್ಯಾಂಪಲ್ ಸಾಗಾಣಿಕೆ ಯಾರ ಲೆಕ್ಕದಲ್ಲಿ ಎಂದು ಸೇರುವ ಮುಂಚೆಯೇ ಕೇಳಿ. ‘ಸೈಲೆಂಟ್ ಸ್ಪ್ರಿಂಗ್’ ಬರೆದ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಕೂಡ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1932ರಲ್ಲಿ ಪ್ರಾಣಿಶಾಸ್ತ್ರದ ಮಾಸ್ಟರ್ಸ್ ಮುಗಿಸಿ ಡಾಕ್ಟರೇಟ್‌ಗೆ ತೊಡಗಿದ್ದರು. ಮನೆ ನಡೆಸುವ ಹೊಣೆ ಮೇಲೆ ಬಿದ್ದು 1934ರಲ್ಲಿ ಅದನ್ನು ಬಿಡಬೇಕಾಯಿತು. ಬುದ್ಧಿ ಕಡಿಮೆಯಾಗಿ ಅಲ್ಲ.

ಸೇರಿದ ಮೇಲಿನ ಪರೀಕ್ಷೆಗಳ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ ಎರಡನೇ ವರ್ಷದ ಸುಮಾರಿಗೆ ಕ್ವಾಲಿಫೈಯಿಂಗ್ ಪರೀಕ್ಷೆ ಇರುತ್ತದೆ. ನಾಲ್ಕೈದು ಜನರ ಸಮಿತಿಯ ಮುಂದೆ ನಿಮ್ಮ ಯೋಜನೆಯನ್ನು ಸಮರ್ಥಿಸಿಕೊಳ್ಳಬೇಕು. ಸಮುದ್ರ ವಿಜ್ಞಾನದ ಯಾವ ಮೂಲೆಯಿಂದ ಬೇಕಾದರೂ ಪ್ರಶ್ನೆ ಬರಬಹುದು. ಬ್ರಿಟನ್‌ನಲ್ಲಿ ಮೊದಲ ವರ್ಷದ ಕೊನೆಗೆ ಇದರ ಸಣ್ಣ ರೂಪ ಇದೆ. ಈ ಪರೀಕ್ಷೆಯಲ್ಲಿ ಗೊತ್ತಿಲ್ಲ ಎಂದು ಹೇಳಿದರೆ ಯಾರೂ ಫೇಲ್ ಮಾಡುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದರೆ ಬಿಡುವುದೂ ಇಲ್ಲ.

ಪೇಪರ್ ಎಷ್ಟು ಬೇಕು ಎಂದು ಕೇಳಿದ್ದೀರಿ. ಎಲ್ಲ ಕಡೆಗೂ ಒಂದೇ ಸಂಖ್ಯೆ ಇಲ್ಲ. ಭಾರತದ 2022ರ ನಿಯಮದಲ್ಲಿ ಥೀಸಿಸ್ ಒಪ್ಪಿಸುವ ಮುಂಚೆ ಪೇಪರ್ ಪ್ರಕಟಿಸಲೇಬೇಕು ಎಂಬ ಷರತ್ತು ತೆಗೆದಿದ್ದಾರೆ, ಆದರೂ ನಿಮ್ಮ ಸಂಸ್ಥೆಯ ಸ್ವಂತ ನಿಯಮ ಏನು ಎಂದು ನೋಡಿಕೊಳ್ಳಿ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಕಡ್ಡಾಯವಿಲ್ಲ. ಸ್ಕ್ಯಾಂಡಿನೇವಿಯಾದಲ್ಲಿ ಥೀಸಿಸ್ ಅಂದರೇನೇ ಹೆಚ್ಚಾಗಿ ಮೂರು ನಾಲ್ಕು ಪೇಪರ್‌ಗಳ ಕಟ್ಟು, ಮುಂದೆ ಒಂದು ಉದ್ದನೆಯ ಪೀಠಿಕೆ. ಅವುಗಳಲ್ಲಿ ಎಲ್ಲವೂ ಪ್ರಕಟವಾಗಿರಬೇಕಿಲ್ಲ. ನಿಯಮ ಏನೇ ಇರಲಿ, ನಿಮ್ಮ ಹೆಸರು ಮೊದಲಿರುವ ಒಂದು ಗಟ್ಟಿ ಪೇಪರ್ ಕೈಯಲ್ಲಿದ್ದರೆ ವೈವಾ ಹಗುರವಾಗುತ್ತದೆ, ಮುಂದಿನ ಕೆಲಸವೂ ಸುಲಭವಾಗುತ್ತದೆ. ದುಡ್ಡು ತೆಗೆದುಕೊಂಡು ಏನು ಕೊಟ್ಟರೂ ಹಾಕುವ ಜರ್ನಲ್‌ಗಳಲ್ಲಿ ಹತ್ತು ಪೇಪರ್ ಇದ್ದರೆ ಉಪಯೋಗವಿಲ್ಲ, ಕೆಟ್ಟ ಹೆಸರು ಬೇರೆ. ದತ್ತಾಂಶವನ್ನೂ ಬಚ್ಚಿಡಬೇಡಿ. ಡಿಎನ್‌ಎ ಸರಣಿ ಅದರ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ಗೆ, ಯಾವ ಜೀವಿ ಎಲ್ಲಿ ಸಿಕ್ಕಿತು ಎಂಬ ದಾಖಲೆ ಸಮುದ್ರ ಜೀವಿಗಳ ಮುಕ್ತ ದತ್ತಾಂಶ ಭಂಡಾರವಾದ ಓಬಿಸ್‌ಗೆ ಹೋಗಲಿ. ಬಹಳಷ್ಟು ಜರ್ನಲ್‌ಗಳು ಈಗ ಇದನ್ನು ಕೇಳಿಯೇ ಕೇಳುತ್ತವೆ.

ಕೊನೆಯ ಪರೀಕ್ಷೆ ದೇಶಕ್ಕೊಂದು ಥರ. ಬ್ರಿಟನ್‌ನಲ್ಲಿ ಬಾಗಿಲು ಮುಚ್ಚಿದ ಕೋಣೆ, ಇಬ್ಬರು ಪರೀಕ್ಷಕರು, ಎರಡು ಮೂರು ಗಂಟೆ. ಅಮೆರಿಕದಲ್ಲಿ ಮೊದಲು ಎಲ್ಲರ ಮುಂದೆ ಭಾಷಣ, ಆಮೇಲೆ ಸಮಿತಿಯ ಜೊತೆ ಮಾತು. ಸ್ವೀಡನ್‌ನಲ್ಲಿ ಹೊರಗಿನಿಂದ ಒಬ್ಬ ವಿರೋಧಿಯನ್ನೇ ಕರೆಸುತ್ತಾರೆ, ಪ್ರಶ್ನೆ ಕೇಳುವುದೇ ಅವರ ಕೆಲಸ. ನೆದರ್‌ಲ್ಯಾಂಡ್ಸ್‌ನದು ತಮಾಷೆಯಾಗಿದೆ. ನಿಗದಿಯ ಸಮಯ ಮುಗಿದ ಕೂಡಲೇ ದಂಡ ಹಿಡಿದ ಅಧಿಕಾರಿ ಒಳಗೆ ಬಂದು ಲ್ಯಾಟಿನ್‌ನಲ್ಲಿ ಹೊತ್ತಾಯಿತು ಎಂದು ಕೂಗುತ್ತಾರೆ. ವಾಕ್ಯದ ಮಧ್ಯದಲ್ಲಿದ್ದರೂ ನಿಲ್ಲಿಸಬಹುದು! ಎಲ್ಲ ಕಡೆಯೂ ಸಾಮಾನ್ಯ ಫಲಿತಾಂಶ ಅಂದರೆ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಪಾಸು. ಈ ಹಂತದಲ್ಲಿ ಫೇಲಾಗುವುದು ಅಪರೂಪ, ಯಾಕೆಂದರೆ ಆಗದ ಥೀಸಿಸ್ ಇಲ್ಲಿಯವರೆಗೆ ಬರುವುದಿಲ್ಲ. ಪರೀಕ್ಷಕರು ಹುಡುಕುವುದು ಮುಖ್ಯವಾಗಿ ಎರಡು. ಈ ಕೆಲಸ ನೀವೇ ಮಾಡಿದ್ದೀರಾ? ಇದರಲ್ಲಿ ಯಾವುದು ಹೊಸದು, ಯಾವುದು ಇನ್ನೂ ಅನುಮಾನ ಎಂದು ನಿಮಗೆ ಗೊತ್ತಿದೆಯಾ?

ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟ್ ಇನ್ನೂ ನಡೆಯುತ್ತಿದೆ ಅಂದಿದ್ದೀರಿ. ಅದು ಸಮುದ್ರದ್ದಾಗಿರದಿದ್ದರೂ ಪರವಾಗಿಲ್ಲ. ಅದರ ದತ್ತಾಂಶವನ್ನು ಆರ್‌ಗೆ ಹಾಕಿ, ಬೇರೆಯವರ ಕೈಯಲ್ಲಿ ಮಾಡಿಸದೆ ನೀವೇ ಒಂದು ಗ್ರಾಫ್ ಬರೆಯಿರಿ. ನಿಮ್ಮ ಪ್ರಯೋಗದಲ್ಲಿ ನಿಜವಾದ ಪುನರಾವರ್ತನೆ ಎಷ್ಟಿತ್ತು ಎಂದು ಎಣಿಸಿ. ಒಂದೇ ಬಂದರೆ ಅದನ್ನು ವರದಿಯಲ್ಲಿ ಮುಚ್ಚಿಡದೆ ಬರೆಯಿರಿ, ಗೈಡ್‌ಗೆ ಕಳಿಸುವ ಪತ್ರದಲ್ಲೂ ಬರೆಯಿರಿ. ಮುಂದಿನ ಸಲ ಹೇಗೆ ಮಾಡುತ್ತೇನೆ ಎಂದು ಒಂದು ಸಾಲು ಸೇರಿಸಿ. ಅಂಕಪಟ್ಟಿಗಿಂತ ಆ ಸಾಲನ್ನು ಅವರು ಜಾಸ್ತಿ ಹೊತ್ತು ಓದುತ್ತಾರೆ.